ಯವನದೇವತೆಗಳ ಪುನಃಪ್ರತಿಷ್ಠೆಯೂ ಶ್ರೀಕಂಠಯ್ಯನವರ ಎರಡು ನಾಟಕಗಳೂ

೧

ಲೋಪವಾಗಿ ಹೋದ ಒಂದು ಮತವನ್ನು ಗ್ರಂಥಗಳ ಆಧಾರದಿಂದ ಪುನಃ ಆಚರಣೆಗೆ ತರುವುದು ಸಾಧ್ಯವೆ ಎಂಬ ಪ್ರಶ್ನೆಯನ್ನು ಮತವಿಚಾರಕರಿಗೆ ಬಿಟ್ಟುಕೊಟ್ಟು, ಸಾಹಿತ್ಯವಿಮರ್ಶಕರು ತಮ್ಮ ಪಾಡಿಗೆ ತಾವು ಇರಬಹುದೆಂದು ಮೊದಲಿಗೆ ತೋರುವುದು ಸಹಜ. ಆದರೆ ಗ್ರೀಕ್ ರುದ್ರನಾಟಕವನ್ನು ಕನ್ನಡದಲ್ಲಿ ಪಾಠ ಹೇಳುವವರು ಯಾರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ಆ ನಾಟಕಗಳನ್ನು ಆಡಿದುದು ಡಯೊನೈಸಸ್ ದೇವತೆಯ ಉತ್ಸವದಲ್ಲಿ, ಆ ದೇವತೆಯ ಗುಡಿಯ ಮಗ್ಗುಲಲ್ಲಿ. ಅಥೆನ್ಸಿನ ರಂಗಸ್ಥಳದ ಮುಂದಿನ ಸಾಲಿನಲ್ಲಿ ಅವನ ಪೂಜಾರಿಗೆ ಮೀಸಲಾದ ಕಲ್ಲಿನ ಪೀಠವು ಈಗಲೂ ಉಳಿದಿದೆ. ಹೀಗಿರಲು ದೇವತೆಗಳನ್ನು ಅಲ್ಲಿಯೇ ಬಿಟ್ಟು ನಾಟಕವನ್ನು ಮಾತ್ರ ತಂದರೆ ಪೂಜೆಯಿಲ್ಲದ ಗುಡಿಯನ್ನು ತಂದಂತಾಗುತ್ತದೆ. ದೇವತೆಗಳನ್ನೂ ಕರೆತಂದರೆ ಅವರಿಗೆ ಇಲ್ಲಿ ನಿಲ್ಲಲು ನೆಲೆಯಿಲ್ಲ.

ಈ ಸಂಕಟವನ್ನು ಕನ್ನಡದಲ್ಲಿ ಮೊಟ್ಟಮೊದಲು ಪೂರ್ಣವಾಗಿ ಎದುರಿಸಿದವರು ಬಿ. ಎಂ. ಶ್ರೀಕಂಠಯ್ಯನವರು. ಅವರು ಹುಟ್ಟಿದುದು ೧೮೮೪ರಲ್ಲಿ ಸಂಪಿಗೆಯೆಂಬ ಗ್ರಾಮದಲ್ಲಾದರೂ ಅವರ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಮೊದಲ ವಿದ್ಯಾಭ್ಯಾಸ ನಡೆದುದು ಶ್ರೀರಂಗಪಟ್ಟಣದಲ್ಲಿ. ೧೯೨೬ರಲ್ಲಿ ರನ್ನನ ಕಾವ್ಯವನ್ನು ಗ್ರೀಕ್ ಮಾದರಿಯ ನಾಟಕವನ್ನಾಗಿ ಅಳವಡಿಸಿ 'ಗದಾಯುದ್ಧ ನಾಟಕ'ವನ್ನೂ, ೧೯೨೯ರಲ್ಲಿ ಸಾಫೊಕ್ಲೀಸನ 'ಅಜಾಕ್ಸ್' ನಾಟಕದ ರೂಪಾಂತರವಾಗಿ 'ಅಶ್ವತ್ಥಾಮನ್' ಎಂಬುದನ್ನೂ, ೧೯೩೫ರಲ್ಲಿ ಈಸ್ಕಿಲಸನ ನಾಟಕವನ್ನು ಅನುವಾದಿಸಿ 'ಪಾರಸಿಕರು' ಎಂಬುದನ್ನೂ ಅವರು ಕೊಟ್ಟರು. ಈ ಮೂರು ಕೃತಿಗಳ ಭಾಷೆ, ಛಂದಸ್ಸು, ಪಾತ್ರರಚನೆಗಳ ವಿಷಯವಾಗಿ ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಅವುಗಳೊಳಗಿನ ಆರಾಧನೆಯ ಅಂಶ ಕನ್ನಡಕ್ಕೆ ಬಂದಾಗ ಏನಾಯಿತೆಂಬ ವಿಚಾರಕ್ಕೆ ದೊರೆತಿರುವ ಗಮನ ಕಡಮೆ. ಕೊನೆಯ ಎರಡು ನಾಟಕಗಳನ್ನು ಮುಂದಿಟ್ಟುಕೊಂಡು ಆ ಅಂಶವನ್ನು ಪರಿಶೀಲಿಸುವುದೂ, ಅದೇ ಸೀಮೆಯ ಮತ್ತಿಬ್ಬರು ಲೇಖಕರ ಬೆಳಕಿನಲ್ಲಿ ಅದನ್ನು ಒರೆಹಚ್ಚುವುದೂ ಈ ಲೇಖನದ ಉದ್ದೇಶ.

೨

ಮೊದಲು ಗ್ರೀಕರ ನಾಡಿನಲ್ಲಿಯೇ ನಡೆದ ಪುನಃಪ್ರತಿಷ್ಠೆಯ ಯತ್ನಗಳನ್ನು ಸಂಗ್ರಹವಾಗಿ ನೋಡೋಣ. ಕ್ರಿ. ಶ. ೩೬೧ರಿಂದ ೩೬೩ರವರೆಗೆ ಆಳಿದ ಚಕ್ರವರ್ತಿ ಜೂಲಿಯನ್ ಹಳೆಯ ದೇವತೆಗಳ ಪೂಜೆಯನ್ನು ಎತ್ತಿ ನಿಲ್ಲಿಸಬೇಕೆಂದು ಪಣತೊಟ್ಟವನು. ಆಂಟಿಯೋಕಿನ ಬಳಿಯ ಡಾಫ್ನೆಯಲ್ಲಿ ಅಪೋಲೊ ದೇವತೆಯ ವಾರ್ಷಿಕೋತ್ಸವಕ್ಕೆ ತಾನು ಹೋದಾಗ ಕಂಡುದನ್ನು ಅವನೇ ಬರೆದಿಟ್ಟಿದ್ದಾನೆ. ಮೆರವಣಿಗೆ, ಬಲಿಪಶುಗಳು, ಧೂಪ, ಬಿಳಿಯ ಉಡುಪಿನ ತರುಣರು, ಇವೆಲ್ಲವನ್ನೂ ಮನಸ್ಸಿನಲ್ಲಿ ಕಲ್ಪಿಸಿಕೊಂಡು ಹೋದವನಿಗೆ ಗುಡಿಯಲ್ಲಿ ಒಂದು ರೊಟ್ಟಿಯಾಗಲಿ ಒಂದು ಚಿಟಿಕೆ ಧೂಪವಾಗಲಿ ಕಾಣಲಿಲ್ಲ. ಪಟ್ಟಣದವರು ದೇವರಿಗೆ ಏನನ್ನು ತಂದಿರುವರೆಂದು ಕೇಳಿದಾಗ, ಊರಿನವರು ಏನನ್ನೂ ತಂದಿಲ್ಲವೆಂದೂ ತಾನು ಮಾತ್ರ ತನ್ನ ಮನೆಯಿಂದ ಒಂದು ಹೆಬ್ಬಾತನ್ನು ತಂದಿರುವೆನೆಂದೂ ಪೂಜಾರಿ ಉತ್ತರಕೊಟ್ಟನಂತೆ. ರಾಜಾಜ್ಞೆಯಿದ್ದಿತು, ಗುಡಿಯಿದ್ದಿತು, ಪೂಜಾರಿಯಿದ್ದನು, ಊರು ಇರಲಿಲ್ಲ. ಲುಪ್ತಮತದ ಪುನರುಜ್ಜೀವನವನ್ನು ಕುರಿತು ಇದಕ್ಕಿಂತ ತೀಕ್ಷ್ಣವಾದ ಟೀಕೆಯನ್ನು ಅದರ ವಿರೋಧಿಗಳು ಕೂಡ ಬರೆದಿಲ್ಲ.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಥಿಯೊಡೋಸಿಯಸ್ ಚಕ್ರವರ್ತಿಯ ಶಾಸನಗಳಿಂದ ಬಲಿ ಪೂಜೆಗಳು ನಿಷಿದ್ಧವಾದುವು. ಹದಿನೈದನೆಯ ಶತಮಾನದಲ್ಲಿ ಮಿಸ್ಟ್ರಾ ಪಟ್ಟಣದ ತತ್ತ್ವಜ್ಞ ಪ್ಲೆಥೋನನು ಹಳೆಯ ದೇವತೆಗಳಿಗೆ ಹೊಸದಾಗಿ ಪೂಜಾಕ್ರಮವನ್ನೂ ಪಂಚಾಂಗವನ್ನೂ ಕಲ್ಪಿಸಿ ಬರೆದ ಗ್ರಂಥವನ್ನು, ಅವನ ಕಾಲಾನಂತರ ಮಠಾಧಿಪತಿ ಗೆನ್ನಾಡಿಯಸ್ ಸುಡಿಸಿದನು. ೧೯೨೭ ಮತ್ತು ೧೯೩೦ರಲ್ಲಿ ಕವಿ ಸಿಕೆಲಿಯಾನೊಸನೂ ಅವನ ಪತ್ನಿ ಈವಾ ಪಾಮರಳೂ ಡೆಲ್ಫಿಯಲ್ಲಿ ಉತ್ಸವಗಳನ್ನು ನಡೆಸಿ, ಬಂಧಿತ ಪ್ರೊಮಿಥಿಯಸನ ನಾಟಕವನ್ನು ಅಲ್ಲಿನ ಪುರಾತನ ರಂಗಸ್ಥಳದಲ್ಲಿಯೇ ಆಡಿಸಿದರು. 'ಅಶ್ವತ್ಥಾಮನ್' ಪ್ರಕಟವಾದುದು ಈ ಎರಡು ಉತ್ಸವಗಳ ನಡುವೆ. ಈ ಇಬ್ಬರು ಕವಿಗಳಿಗೂ ಪರಸ್ಪರ ಸಂಬಂಧವಿದ್ದಿತೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಒಂದೇ ಕಾಲದಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರಗಳು ಹೊರಟವೆಂಬುದಷ್ಟೆ ಇಲ್ಲಿ ಗಮನಾರ್ಹ. ಒಬ್ಬನು ಹಳೆಯ ಸ್ಥಳಕ್ಕೆ ಹಳೆಯ ದೇವತೆಗಳನ್ನು ಮರಳಿ ಕರೆದನು. ಇನ್ನೊಬ್ಬರು ಹಳೆಯ ದೇವತೆಗಳ ಕೆಲಸವನ್ನು ಹೊಸ ಸ್ಥಳದವರಿಗೆ ಒಪ್ಪಿಸಲು ನೋಡಿದರು.

ನಮ್ಮ ಕಾಲದಲ್ಲಿ ಈ ಯತ್ನವು ಉತ್ಸವವನ್ನು ದಾಟಿ ನಿತ್ಯಾಚರಣೆಗೆ ಇಳಿದಿದೆ. ೧೯೯೭ರಲ್ಲಿ ಗ್ರೀಸಿನಲ್ಲಿ ಪ್ರಾಚೀನ ಮತದ ಅನುಯಾಯಿಗಳ ಮಂಡಲಿಯೊಂದು ಸ್ಥಾಪಿತವಾಯಿತು. ೨೦೦೭ರ ಜನವರಿಯಲ್ಲಿ ಇಂತಹ ಮತ್ತೊಂದು ಸಂಘದವರು ಅಥೆನ್ಸಿನ ಒಲಿಂಪಿಯನ್ ಜ್ಯೂಸನ ಗುಡಿಯ ಆವರಣದಲ್ಲಿ ಪೂಜೆ ನಡೆಸಿದರು. ೨೦೧೭ರಲ್ಲಿ ಈ ಮತಕ್ಕೆ ಸರ್ಕಾರದ ಮನ್ನಣೆಯೂ ದೊರೆಯಿತು. ಇವರಲ್ಲಿ ಶ್ರದ್ಧಾವಂತರಾದವರ ಕ್ರಮವನ್ನು ನೋಡಿದರೆ ನಮಗೆ ಪರಿಚಿತವಾದ ಎಷ್ಟೋ ಅಂಶಗಳು ಕಾಣುತ್ತವೆ. ಮನೆಯ ಒಲೆಗೆ ಅಧಿದೇವತೆಯಾದ ಹೆಸ್ಟಿಯಾಳಿಗೆ ಮೊದಲ ನಿವೇದನೆ, ಚಾಂದ್ರಮಾಸದ ಕೊನೆಯ ರಾತ್ರಿ ಹೆಕೇಟೆಗೆ ಎಡೆ, ಮರುದಿನ ಹೊಸ ಮಾಸದ ಆರಂಭೋತ್ಸವ, ಹಾಲು, ಜೇನು, ದ್ರಾಕ್ಷಾರಸಗಳ ಧಾರೆ, ಧೂಪ, ಹೋಮರನ ಹೆಸರಿನ ಸ್ತೋತ್ರಗಳ ಪಠನ. ಇವಕ್ಕೆಲ್ಲ ತಳಹದಿಯಾಗಿ ಅವರು ಹೇಳುವ ತತ್ತ್ವ 'ಖಾರಿಸ್' ಎಂಬುದು: ದೇವತೆಯಿಂದ ಪಡೆದುದಕ್ಕೆ ಪ್ರತಿಯಾಗಿ ಕೊಡುವುದು, ಕೊಟ್ಟುದರಿಂದ ಬಾಂಧವ್ಯ ಬೆಳೆಯುವುದು. ಕನ್ನಡದಲ್ಲಿ ಇದಕ್ಕೆ 'ಋಣ'ವೆಂಬುದೇ ಸಮೀಪದ ಮಾತು. ಸಾಲವೆಂಬ ಸಂಕುಚಿತಾರ್ಥದಲ್ಲಿ ಅಲ್ಲ. ಅನ್ನದ ಋಣ, ನೆಲದ ಋಣ ಎನ್ನುವಲ್ಲಿ ಇರುವ ವಿಶಾಲಾರ್ಥದಲ್ಲಿ.

ಇವರಿಗೆ ಕೊರತೆಯಾಗಿರುವುದು ಗ್ರಂಥಾಧಾರವಲ್ಲ. ಅಟಿಕಾ ಪ್ರಾಂತದ ಎರ್ಖಿಯಾ ಎಂಬ ಗ್ರಾಮದ ಕ್ರಿ. ಪೂ. ನಾಲ್ಕನೆಯ ಶತಮಾನದ ಶಿಲಾಶಾಸನವೊಂದೇ ಸಾಕು: ಯಾವ ದಿನ ಯಾವ ದೇವತೆಗೆ ಎಲ್ಲಿ ಯಾವ ಪಶು, ಅದರ ಬೆಲೆ ಎಷ್ಟು ದ್ರಾಖ್ಮ, ಮಾಂಸವನ್ನು ಹೊರಕ್ಕೆ ಒಯ್ಯಬಹುದೆ ಅಲ್ಲಿಯೇ ತಿಂದು ಮುಗಿಸಬೇಕೆ ಎಂಬುದೆಲ್ಲ ಅದರಲ್ಲಿ ಕೆತ್ತಿದೆ. ವಿಧಿ ದೊರೆತಿದೆ, ಆ ವಿಧಿಗೆ ಕಟ್ಟುಬಿದ್ದ ಗ್ರಾಮ ದೊರೆಯುವುದಿಲ್ಲ. ಜೂಲಿಯನ್ ಕಂಡ ಹೆಬ್ಬಾತಿನ ದುಃಖವೇ ಇದು.

೩

ಇನ್ನು 'ಪಾರಸಿಕರು' ನಾಟಕಕ್ಕೆ ಬರೋಣ. ಮೂಲ ನಾಟಕವನ್ನು ಆಡಿದುದು ಕ್ರಿ. ಪೂ. ೪೭೨ರಲ್ಲಿ, ಅದರ ವಸ್ತು ಅದಕ್ಕೆ ಎಂಟು ವರ್ಷ ಮುಂಚೆ ನಡೆದ ಸಲಾಮಿಸ್ ಯುದ್ಧ. ಪಾರಸಿಕರೊಡನೆ ಸ್ವತಃ ಹೋರಾಡಿದ ಈಸ್ಕಿಲಸ್ ಕವಿ ಗೆದ್ದವರ ಜಯಭೇರಿಯನ್ನು ಬಿಟ್ಟು ಸೋತವರ ಅರಮನೆಯ ಗೋಳನ್ನು ವಸ್ತುವಾಗಿ ಆರಿಸಿಕೊಂಡನೆಂಬುದು ಸುವಿದಿತವಾದ ವಿಷಯ. ನಮ್ಮ ಪ್ರಕೃತ ವಿಚಾರಕ್ಕೆ ಮುಖ್ಯವಾದುದು ನಾಟಕದ ನಡುಭಾಗ. ಸೋಲಿನ ಸುದ್ದಿ ಕೇಳಿದ ರಾಜಮಾತೆ ಅಟೋಸಾ, ಮಡಿದ ಪತಿ ದರಾಯಸನ ಸಮಾಧಿಗೆ ಬರುತ್ತಾಳೆ. ಮೊದಲ ಸಲ ರಥವೇರಿ ವೈಭವದಿಂದ ಬಂದವಳು ಈ ಸಲ ಕಾಲ್ನಡೆಯಲ್ಲಿ ಬರುತ್ತಾಳೆ. ಊನವಿಲ್ಲದ ಹಸುವಿನ ಹಾಲು, ಜೇನು, ಕನ್ಯೆಯಂತೆ ಶುದ್ಧವಾದ ಚಿಲುಮೆಯ ನೀರು, ಹಳೆಯ ಬಳ್ಳಿಯ ದ್ರಾಕ್ಷಾರಸ, ಆಲಿವ್ ಫಲ, ಹೆಣೆದ ಹೂಗಳು, ಇಷ್ಟನ್ನು ಸಮಾಧಿಗೆ ಅರ್ಪಿಸುತ್ತಾಳೆ. ಮೇಳದ ವೃದ್ಧರು ಹಾಡಿ ಕರೆಯುತ್ತಾರೆ. ಸತ್ತ ದೊರೆ ಎದ್ದುಬಂದು, ಮಗನಾದ ಕ್ಸರ್ಕ್ಸೀಸನು ಸಮುದ್ರಕ್ಕೆ ನೊಗ ಹೂಡಿದ ದರ್ಪವನ್ನೂ ಗ್ರೀಕರ ಗುಡಿಗಳನ್ನು ಕೆಡಿಸಿದ ಪಾಪವನ್ನೂ ಎತ್ತಿ ಆಡಿ, ಇನ್ನೂ ಬರಲಿರುವ ಕೇಡನ್ನು ತಿಳಿಸಿ, ಮತ್ತೆ ಕತ್ತಲೆಗೆ ಇಳಿಯುತ್ತಾನೆ.

ಈ ದೃಶ್ಯವನ್ನು ಓದುವ ಕನ್ನಡಿಗನ ಮನಸ್ಸಿಗೆ 'ತರ್ಪಣ'ವೆಂಬ ಮಾತು ತಾನಾಗಿಯೇ ಬರುತ್ತದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಯು ಪಶ್ಚಿಮಾಭಿಮುಖವಾಗಿ ಹರಿಯುವ ಕಡೆ, ಅಸ್ಥಿಯನ್ನು ಬಿಟ್ಟು, ಎಳ್ಳುನೀರು ಕೊಟ್ಟು, ಪಿಂಡವಿಟ್ಟು ಹಿಂದಿರುಗುವ ಜನರನ್ನು ಕಂಡವರಿಗೆ ಅಟೋಸಾಳ ಪಾತ್ರೆಗಳು ಪರಕೀಯವಾಗಿ ತೋರುವುದಿಲ್ಲ. ಅನುವಾದವು ಇಷ್ಟು ಸಲೀಸಾಗಿ ಮನಸ್ಸನ್ನು ಹೊಗುವುದಕ್ಕೆ ಇದೇ ಕಾರಣವೆಂದು ಹೇಳುವುದು ವಾಡಿಕೆ.

ಈ ಸಮಾಧಾನ ಅರ್ಧ ಸತ್ಯ. ತರ್ಪಣಕ್ಕೆ ಅಧಿಕಾರಿ ಮಗ. ಇಲ್ಲಿ ಧಾರೆಯೆರೆಯುವವಳು ಪತ್ನಿ, ಮಗನು ಹರಿದ ಬಟ್ಟೆಯಲ್ಲಿ ಇನ್ನೂ ದಾರಿಯಲ್ಲಿದ್ದಾನೆ. ತರ್ಪಣದ ಉದ್ದೇಶ ಪಿತೃಗಳನ್ನು ತೃಪ್ತಿಪಡಿಸಿ ಅವರ ಲೋಕದಲ್ಲಿ ಸುಖವಾಗಿರಿಸುವುದು. ಇಲ್ಲಿಯ ಉದ್ದೇಶ ಸತ್ತವನನ್ನು ಎಬ್ಬಿಸಿ ಬುದ್ಧಿ ಕೇಳುವುದು. ಶಾಸ್ತ್ರೋಕ್ತ ಶ್ರಾದ್ಧದಲ್ಲಿ ಪಿತೃಗಳು ಬಂದು ಕುಳಿತು ಉಣ್ಣುತ್ತಾರೆ, ಮಾತನಾಡುವುದಿಲ್ಲ. ಆದುದರಿಂದ ಈ ದೃಶ್ಯದ ನಿಜವಾದ ಬಂಧುವನ್ನು ಪುರೋಹಿತರ ಪ್ರಯೋಗಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಇದೇ ತಾಲ್ಲೂಕುಗಳ ಹಳ್ಳಿಯ ಮನೆಗಳಲ್ಲಿದೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ, ಹೋದವರು ಬದುಕಿದ್ದಾಗ ಇಷ್ಟಪಟ್ಟು ಉಂಡುದು ತಿಂದುದೇನೋ ಅದನ್ನೇ, ಮಾಂಸವಾದರೆ ಮಾಂಸ, ಹೆಂಡವಾದರೆ ಹೆಂಡ, ಹೊಸ ಬಟ್ಟೆಯೊಡನೆ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಮುಟ್ಟಲೆಂದು ಕಾಯುತ್ತಾರೆ. ಆ ಎಡೆಯ ಅಡಿಗೆ ಹೆಂಗಸರದು; ಯಾರಿಗೆ ಏನು ಇಷ್ಟವಾಗಿತ್ತೆಂದು ನೆನಪಿಟ್ಟಿರುವವರೂ ಅವರೇ. ಗ್ರಾಮದೇವತೆಯ ಹಬ್ಬದಲ್ಲಿ ಒಬ್ಬನ ಮೈಮೇಲೆ ದೇವರು ಬಂದಾಗ ಊರಿನ ಹಿರಿಯರು ಸುತ್ತ ನಿಂತು, ಮಳೆ ಬೆಳೆಗಳನ್ನೂ ತಪ್ಪು ನೆಪ್ಪುಗಳನ್ನೂ ಕುರಿತು ಅಪ್ಪಣೆ ಕೇಳುತ್ತಾರೆ. ದೇವರು ಮೊದಲು ಹೇಳುವುದು ಸಾಮಾನ್ಯವಾಗಿ ಊರಿನವರು ತಪ್ಪಿಸಿದ ಕಟ್ಟಳೆಯನ್ನೆ. ಎಡೆಯನ್ನೂ ಅಪ್ಪಣೆಯನ್ನೂ ಒಂದೆಡೆ ಕೂಡಿಸಿದರೆ ದರಾಯಸನ ದೃಶ್ಯ ದೊರೆಯುತ್ತದೆ. ಮೇಳದ ವೃದ್ಧರ ನಡುಕ ಸಾಹಿತ್ಯಾಲಂಕಾರವಲ್ಲ, ದೇವರ ಮುಂದೆ ನಿಂತ ಊರಗೌಡನ ನಡುಕವೆಂಬುದು ಆಗ ಅರ್ಥವಾಗುತ್ತದೆ.

ಇನ್ನೊಂದು ಸಂಗತಿಯಿದೆ. ಈಸ್ಕಿಲಸ್ ಚಿತ್ರಿಸಿದ ವಿಧಿ ಪಾರಸಿಕರ ವಿಧಿಯಲ್ಲ. ಸಮಾಧಿಗೆ ಹಾಲುಜೇನು ಎರೆಯುವುದು ಗ್ರೀಕರ ಪದ್ಧತಿ. ಶತ್ರುಗಳ ದುಃಖವನ್ನು ತನ್ನ ಜನರಿಗೆ ಮನಗಾಣಿಸಬೇಕಾದಾಗ ಆ ಕವಿ ಅವರಿಗೆ ತನ್ನೂರಿನ ಆಚಾರವನ್ನೇ ಹಚ್ಚಿದನು. ಪರರ ಮತವನ್ನು ಇದ್ದಂತೆಯೇ ತಂದು ತೋರಿಸುವುದಕ್ಕಿಂತ, ನೋಡುವವರ ಮೈಯಲ್ಲಿ ಆಗಲೇ ಇರುವ ಭಯಭಕ್ತಿಯ ಮೂಲಕ ಅದನ್ನು ಮುಟ್ಟಿಸುವುದು ನಾಟಕಕಾರನ ದಾರಿಯೆಂಬುದಕ್ಕೆ ಮೂಲಕವಿಯೇ ಸಾಕ್ಷಿ. ಭಾರತಕ್ಕೆ ಬಂದ ಗ್ರೀಕರಲ್ಲಿಯೂ ಈ ಮನೋಧರ್ಮವಿದ್ದಿತು. ಕ್ರಿ. ಪೂ. ಎರಡನೆಯ ಶತಮಾನದಲ್ಲಿ ತಕ್ಷಶಿಲೆಯಿಂದ ಬಂದ ರಾಯಭಾರಿ ಹೆಲಿಯೊಡೋರಸ್ ವಿದಿಶೆಯಲ್ಲಿ ನಿಲ್ಲಿಸಿದುದು ವಾಸುದೇವನ ಗರುಡಧ್ವಜವನ್ನು. ತಾನು ನಿಂತ ನೆಲದ ದೇವರಿಗೆ ಆ ನೆಲದ ಕ್ರಮದಲ್ಲಿ ಸಲ್ಲಿಸಿ, ತನ್ನನ್ನು ಭಾಗವತನೆಂದು ಅವನು ಕರೆದುಕೊಂಡನು.

೪

'ಅಶ್ವತ್ಥಾಮನ್' ನಾಟಕದ ಸಮಸ್ಯೆ ಇದಕ್ಕಿಂತ ಕಠಿನವಾದುದು. ಅಲ್ಲಿ ಶ್ರೀಕಂಠಯ್ಯನವರು ಅನುವಾದದ ದಾರಿಯನ್ನು ಬಿಟ್ಟು, ಗ್ರೀಕ್ ವೀರನ ಜಾಗದಲ್ಲಿ ಭಾರತದ ವೀರನನ್ನು ನಿಲ್ಲಿಸಿದರು. ಮೂಲದಲ್ಲಿ ಅಜಾಕ್ಸನು ಅವಮಾನದಿಂದ ಕುದಿದು, ಅಥೀನಾ ದೇವತೆಯ ಮಾಯೆಯಿಂದ ಮತಿಗೆಟ್ಟು, ವೈರಿಗಳೆಂದು ಭ್ರಮಿಸಿ ದನಕುರಿಗಳನ್ನು ಕೊಂದು, ಎಚ್ಚರವಾದಾಗ ನಾಚಿಕೆಯಿಂದ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ. ಆ ಮೇಲಿನ ಭಾಗವೆಲ್ಲ ಅವನ ಶವಕ್ಕೆ ಸಂಸ್ಕಾರವಾಗಬೇಕೆ ಬೇಡವೆ ಎಂಬ ವಿವಾದ. ಸ್ವಭಾವಸಾಮ್ಯದ ದೃಷ್ಟಿಯಿಂದ ನೋಡಿದರೆ ಅಶ್ವತ್ಥಾಮನಿಗಿಂತ ತಕ್ಕ ಪ್ರತಿಮೆಯನ್ನು ಭಾರತದಲ್ಲಿ ಹುಡುಕಿ ತರುವುದು ಸಾಧ್ಯವಿಲ್ಲ. ಅದೇ ಬಲ, ಅದೇ ಅಭಿಮಾನ, ರಾತ್ರಿಯಲ್ಲಿ ನಡೆಸಿದ ಅದೇ ಕುರುಡು ಹತ್ಯೆ. ಈ ಹೋಲಿಕೆಯನ್ನು ಕಂಡುದೇ ಒಂದು ಪ್ರತಿಭೆ.

ಆದರೂ ಅಶ್ವತ್ಥಾಮನು ರಂಗದ ಮೇಲೆ ಪ್ರಾಣಬಿಡುವಾಗ ಕನ್ನಡ ಸಹೃದಯನ ಮನಸ್ಸು ಹಿಂದಕ್ಕೆ ಸರಿಯುತ್ತದೆ. ಅವನು ಚಿರಂಜೀವಿ, ಬೆಳಗ್ಗೆ ಏಳುವಾಗ ಏಳು ಮಂದಿ ಚಿರಂಜೀವಿಗಳನ್ನು ನೆನೆಯುವವರು ಮೊದಲು ನೆನೆಯುವುದು ಅವನನ್ನು. ಈ ಆಕ್ಷೇಪಣೆ ಹೊಸದಲ್ಲ. ಇದಕ್ಕೆ ಕೊಡುವ ಉತ್ತರವೂ ಹೊಸದಲ್ಲ: ಕವಿಗೆ ಪುರಾಣವನ್ನು ತಿದ್ದುವ ಸ್ವಾತಂತ್ರ್ಯವಿದೆ, ಪಂಪ ರನ್ನರೂ ತಿದ್ದಿದ್ದಾರೆ ಎಂದು. ಆಕ್ಷೇಪಣೆಯೂ ಉತ್ತರವೂ ಎರಡೂ ವಿಷಯದ ಮೇಲ್ಮೈಯಲ್ಲಿಯೇ ನಿಂತಿವೆಯೆಂದು ನನಗೆ ತೋರುತ್ತದೆ. ಕಥೆ ಬದಲಾಯಿತೆಂಬುದು ದೊಡ್ಡ ಮಾತಲ್ಲ. ಆರಾಧನೆಯ ಗತಿ ಎಲ್ಲಿ ಕಡಿದುಹೋಯಿತೆಂಬುದನ್ನು ನೋಡಬೇಕು.

ಅಥೆನ್ಸಿನವರಿಗೆ ಅಜಾಕ್ಸನು ಕೇವಲ ಕಥಾನಾಯಕನಾಗಿರಲಿಲ್ಲ. ಆ ಪಟ್ಟಣದ ಹತ್ತು ಕುಲಗಳಲ್ಲಿ ಒಂದಕ್ಕೆ ಅವನ ಹೆಸರು. ಸಲಾಮಿಸ್ ದ್ವೀಪದಲ್ಲಿ ಅವನಿಗೆ ಗುಡಿಯೂ ಉತ್ಸವವೂ ಇದ್ದುವು. ಸಲಾಮಿಸ್ ಯುದ್ಧಕ್ಕೆ ಮುನ್ನ ಗ್ರೀಕರು ಅಜಾಕ್ಸನನ್ನೂ ಅವನ ತಂದೆ ಟೆಲಮೋನನನ್ನೂ ನೆರವಿಗೆ ಕರೆದರೆಂದೂ, ಗೆದ್ದ ಮೇಲೆ ಸೆರೆಸಿಕ್ಕ ಹಡಗೊಂದನ್ನು ಅಜಾಕ್ಸನಿಗೆ ಕಾಣಿಕೆಯಾಗಿ ಅರ್ಪಿಸಿದರೆಂದೂ ಹೆರೊಡೊಟಸ್ ಬರೆದಿದ್ದಾನೆ. ಎಂದರೆ 'ಪಾರಸಿಕರು' ನಾಟಕದ ಯುದ್ಧದಲ್ಲಿ 'ಅಶ್ವತ್ಥಾಮನ್' ನಾಟಕದ ಮೂಲನಾಯಕನು ಪಾಲುಗಾರನಾಗಿದ್ದನೆಂದು ಗ್ರೀಕರು ನಂಬಿದ್ದರು. ಇದನ್ನು ತಿಳಿದು ಸಾಫೊಕ್ಲೀಸನ ನಾಟಕವನ್ನು ಓದಿದರೆ ಶವಸಂಸ್ಕಾರದ ವಾದವು ನೀರಸವಾದ ಬಾಲವೆಂಬ ದೂರು ಬಿದ್ದುಹೋಗುತ್ತದೆ. ಶವಕ್ಕೆ ಮಣ್ಣು ದೊರೆತರೆ ಸಮಾಧಿ, ಸಮಾಧಿಯಿದ್ದರೆ ಪೂಜೆ, ಪೂಜೆಯಿದ್ದರೆ ಊರಿಗೆ ರಕ್ಷಣೆ. ಸೇನೆಗೆ ವೈರಿಯಾಗಿ ಸತ್ತವನು ಮುಂದೆ ಅದೇ ಜನಕ್ಕೆ ಕಾವಲುಗಾರನಾಗುವ ಬಾಗಿಲು ಆ ವಿವಾದದಲ್ಲಿ ತೆರೆಯುತ್ತದೆ. ಸಾಯುವುದರಿಂದಲೇ ಅಜಾಕ್ಸನು ಅಥೆನ್ಸಿನ ಜನರ ನಡುವೆ ಬದುಕುತ್ತಾನೆ.

ಅಶ್ವತ್ಥಾಮನ ಸ್ಥಿತಿ ಇದಕ್ಕೆ ತೀರ ವಿರುದ್ಧ. ಅವನಿಗೆ ಸಾವಿಲ್ಲದಿರುವುದೇ ಶಾಪ. ಮೂರು ಸಾವಿರ ವರ್ಷ ಒಬ್ಬನೇ ಅಲೆಯಬೇಕೆಂದು ಸೌಪ್ತಿಕಪರ್ವದಲ್ಲಿ ಕೃಷ್ಣನು ಶಪಿಸುತ್ತಾನೆ. ಅವನಿಗೆ ಸಮಾಧಿಯಿಲ್ಲ, ಊರಿಲ್ಲ, ಎಡೆಯಿಡುವವರಿಲ್ಲ. ಅವನನ್ನು ಸಾಯಿಸುವುದರಿಂದ ಗ್ರೀಕ್ ನಾಟಕದ ಉದಾತ್ತವಾದ ಮರಣ ದೊರೆಯಿತು. ಆ ಮರಣದ ಫಲವಾದ ಆರಾಧನೆ ದೊರೆಯಲಿಲ್ಲ. ಸಾಫೊಕ್ಲೀಸನ ನೋಡುಗರು ನಾಟಕ ಮುಗಿದ ಮೇಲೆ ತಮ್ಮ ಕುಲಪುರುಷನಿಗೆ ಕೈಮುಗಿದು ಎದ್ದು ಹೋಗಬಹುದಾಗಿತ್ತು. ನಾವು ಒಬ್ಬ ಮಹಾಪಾತ್ರನಿಗೆ ಮರುಗಿ ಎದ್ದು ಹೋಗುತ್ತೇವೆ. 'ಗದಾಯುದ್ಧ ನಾಟಕ'ದಲ್ಲಿ ಈ ತೊಡಕು ಹುಟ್ಟಲಿಲ್ಲ, ದುರ್ಯೋಧನನ ಸಾವು ನಮ್ಮ ಕಥೆಯದೇ ಆದುದರಿಂದ.

ಗ್ರೀಕರ ವೀರಪೂಜೆಗೆ ಸರಿಸಾಟಿಯಾದುದು ಕನ್ನಡನಾಡಿನಲ್ಲಿ ಇರಲಿಲ್ಲವೆ? ಇದ್ದಿತು, ಬೆಳ್ಳೂರಿನಿಂದ ಯಾವ ದಿಕ್ಕಿಗೆ ನಡೆದರೂ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಗೋಡೆಗೆ ಒರಗಿ ನಿಂತಿರುವ ವೀರಗಲ್ಲುಗಳೇ ಸಾಕ್ಷಿ. ತುರುಗಾಳಗದಲ್ಲಿ ಊರಿಗಾಗಿ ಸತ್ತವನು ಕಲ್ಲಾಗಿ ಊರಿನಲ್ಲಿ ನಿಂತನು. ಈ ಪದ್ಧತಿಯ ಒಳಗುಟ್ಟನ್ನು ತಿಳಿಸುವ ಶಾಸನವೊಂದು ಹತ್ತಿರದ ಮದ್ದೂರು ತಾಲ್ಲೂಕಿನ ಆತಕೂರಿನದು. ಸುಮಾರು ಕ್ರಿ. ಶ. ೯೪೯-೫೦ರ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನಿಂದ ಮಣಲೇರನೆಂಬ ವೀರನು ಬಹುಮಾನವಾಗಿ ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತುದರಿಂದ, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪವೆಂದು ಶಾಸನ ವಿಧಿಸುತ್ತದೆ. ನಾಯಿಯ ವಿಷಯದಲ್ಲಿ ಗೊರವನು ಏನನ್ನು ನಂಬಬೇಕೆಂದು ಅದು ಕೇಳುವುದಿಲ್ಲ. ಉಣ್ಣುವ ಮುಂಚೆ ಏನನ್ನು ಮಾಡಬೇಕೆಂದು ಹೇಳುತ್ತದೆ. ಭೂಮಿ, ಅನ್ನ, ಕಲ್ಲು, ಕೈ, ಇವುಗಳನ್ನು ಒಂದು ಋಣದ ಹಗ್ಗದಿಂದ ಬಿಗಿದಿದೆ. ಎರ್ಖಿಯಾ ಗ್ರಾಮದ ಶಾಸನವನ್ನು ಕೆತ್ತಿದವನು ಆತಕೂರಿನ ಶಾಸನವನ್ನು ಓದಿದ್ದರೆ ಒಂದು ಮಾತನ್ನೂ ವಿವರಿಸಿ ಹೇಳಬೇಕಾಗುತ್ತಿರಲಿಲ್ಲ.

ಶ್ರೀಕಂಠಯ್ಯನವರು ಅಜಾಕ್ಸನ ಸ್ವಭಾವಕ್ಕೆ ಸಮನಾದುದನ್ನು ಮಹಾಭಾರತದಲ್ಲಿ ಹುಡುಕಿ ಕಂಡರು. ಅವನ ಆರಾಧನೆಗೆ ಸಮನಾದುದು ಅವರ ಸ್ವಂತ ತಾಲ್ಲೂಕಿನ ಹೊಲಗಳಲ್ಲಿ ನಿಂತಿದ್ದಿತು. ನಾಟಕದ ದೃಷ್ಟಿ ಅತ್ತ ತಿರುಗಲಿಲ್ಲ. ಇದು 'ಅಶ್ವತ್ಥಾಮನ್' ನಾಟಕದ ಮೇಲೆ ನಾನು ಹೊರಿಸುವ ಒಂದೇ ದೋಷ. ಅದರ ಭಾಷಾಗಾಂಭೀರ್ಯಕ್ಕೂ ಕಟ್ಟಿನ ಬಿಗಿಗೂ ಇದರಿಂದ ಕುಂದು ಬರುವುದಿಲ್ಲ.

೫

ಪುನಃಪ್ರತಿಷ್ಠೆಯೆಲ್ಲವೂ ವ್ಯರ್ಥವೆಂಬುದು ಮೇಲಿನ ಮಾತುಗಳ ತಾತ್ಪರ್ಯವಲ್ಲ. ಅದು ಫಲಿಸಿದ ನಿದರ್ಶನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಶ್ರೀರಾಮಾನುಜರು ಅಲ್ಲಿಗೆ ಬಂದಾಗ ಪೂಜೆ ನಿಂತುಹೋಗಿ ತಿರುನಾರಾಯಣನ ವಿಗ್ರಹವು ಹುತ್ತದಲ್ಲಿ ಮರೆಯಾಗಿದ್ದಿತೆಂದೂ, ಅವರು ಅದನ್ನು ಹೊರತೆಗೆಸಿ ಪುನಃ ಪ್ರತಿಷ್ಠೆಮಾಡಿದರೆಂದೂ, ಉತ್ಸವಮೂರ್ತಿಯನ್ನು ತರುವಲ್ಲಿ ನೆರವಾದ ಅಸ್ಪೃಶ್ಯವರ್ಗದವರಿಗೆ ತಿರುಕ್ಕುಲದವರೆಂಬ ಹೆಸರನ್ನೂ ವರ್ಷಕ್ಕೆ ಕೆಲವು ದಿನ ದೇವಾಲಯಪ್ರವೇಶದ ಹಕ್ಕನ್ನೂ ಕೊಟ್ಟರೆಂದೂ ಸ್ಥಳದ ಪರಂಪರೆ ಹೇಳುತ್ತದೆ. ಆ ಹಕ್ಕು ಕೆಲವೇ ದಿನಕ್ಕೆ ನಿಂತುದು ನಮ್ಮ ಸಮಾಜದ ಕೊರತೆ. ಆದರೆ ಪ್ರತಿಷ್ಠೆಗೆ ಬೇಕಾದುದೇನೆಂಬುದನ್ನು ಈ ಕಥೆ ಚೆನ್ನಾಗಿ ಬಲ್ಲದು: ವಿಗ್ರಹವನ್ನು ಎತ್ತಿದ ಕೂಡಲೇ ಯಾರು ಯಾವ ಸೇವೆಗೆ ಬಾಧ್ಯರು, ಯಾರಿಗೆ ಯಾವ ಪಾಲು ಎಂಬುದನ್ನು ಗೊತ್ತುಮಾಡಿದರು. ಇಂದಿಗೂ ವೈರಮುಡಿ ಉತ್ಸವದಂದು ಆ ಕಿರೀಟವು ಮಂಡ್ಯದ ಖಜಾನೆಯಿಂದ ಕಾವಲಿನೊಡನೆ ಹೊರಟು ಬರುವಾಗ ದಾರಿಯ ಹಳ್ಳಿಗಳವರು ಕಾದು ನಿಂತು ಪೂಜೆ ಸಲ್ಲಿಸುತ್ತಾರೆ. ರಾತ್ರಿ ಅದನ್ನು ಚೆಲುವನಾರಾಯಣನಿಗೆ ತೊಡಿಸುತ್ತಾರೆ. ಜೂಲಿಯನ್ ಡಾಫ್ನೆಯಲ್ಲಿ ಕಾಣದ ಊರು ಇಲ್ಲಿ ಇದೆ.

ಈ ಊರಿನಲ್ಲಿ ೧೯೦೫ರಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರ ಹೆಸರಿನ ಮೊದಲೆರಡು ಅಕ್ಷರಗಳಲ್ಲಿಯೇ ಪೌರೋಹಿತ್ಯವೂ ತಿರುನಾರಾಯಣನೂ ಅಡಗಿದ್ದಾರೆ. ಅವರ ಗೀತನಾಟಕಗಳಲ್ಲಿ ದೇವರ ಬರವಿಗಿಂತ ದೇವರ ಅಗಲಿಕೆಯೇ ಹೆಚ್ಚು ಕಾಡುವುದೆಂಬುದು ಗಮನಿಸತಕ್ಕ ವಿಷಯ. ೧೯೪೫ರ 'ಗೋಕುಲ ನಿರ್ಗಮನ'ದ ವಸ್ತುವೇ ದೇವರು ಊರು ಬಿಟ್ಟು ಹೋಗುವುದು. ಹಸು, ಹೊಳೆ, ಮರ, ಗೋಪಿಯರು ಎಲ್ಲ ಇದ್ದಂತೆಯೇ ಇರುವಾಗ ಅವುಗಳನ್ನು ಒಂದಾಗಿ ಹೆಣೆದಿದ್ದ ಎಳೆ ಹೊರಟುಹೋಗುತ್ತದೆ. ಜೀವಂತವಾದ ಆರಾಧನೆಯ ನಡುವೆ ಬೆಳೆದ ಕವಿಗೆ ಮಾತ್ರ ಅದರ ನಷ್ಟದ ಅಳತೆ ಇಷ್ಟು ನಿಖರವಾಗಿ ತಿಳಿದೀತು. ಗ್ರೀಕರ ಲುಪ್ತಮತವನ್ನು ಪುನಃ ಆಚರಿಸುವವರ ಎದೆಯ ನೋವನ್ನು ಕನ್ನಡದಲ್ಲಿ ಅರಿಯಬೇಕೆನ್ನುವವರು ಈ ಗೀತನಾಟಕವನ್ನು ಓದಬೇಕು.

ನರಸಿಂಹಾಚಾರ್ಯರಿಗೆ ಎದುರು ಕೊನೆಯಲ್ಲಿ ನಿಂತವರು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು. ೧೯೦೦ರಿಂದ ೨೦೦೩ರವರೆಗೆ ಬಾಳಿದ ಅವರು ೧೯೯೧ರಲ್ಲಿ ಪ್ರಕಟಿಸಿದ 'ದೇವರು' ಎಂಬ ಗ್ರಂಥದಲ್ಲಿ, ದೇವರ ಅಸ್ತಿತ್ವಕ್ಕೆ ಕೊಡುವ ಆಧಾರಗಳನ್ನು ಒಂದೊಂದಾಗಿ ಪರೀಕ್ಷಿಸಿ ತಮಗೆ ನಂಬಿಕೆ ಹುಟ್ಟಲಿಲ್ಲವೆಂದು ನಿರ್ವಂಚನೆಯಿಂದ ಹೇಳಿದರು. ಸಾಕ್ರೆಟೀಸನ ಕೊನೆಯ ದಿನಗಳನ್ನು ಕನ್ನಡಕ್ಕೆ ತಂದವರೂ ಅವರೇ. ಕ್ರಿ. ಪೂ. ೩೯೯ರಲ್ಲಿ ಆ ಜ್ಞಾನಿಯ ಮೇಲೆ ಹೊರಿಸಿದ ಅಪರಾಧಗಳಲ್ಲಿ ಮೊದಲನೆಯದು, ಪಟ್ಟಣವು ಮನ್ನಿಸುವ ದೇವತೆಗಳನ್ನು ಅವನು ಮನ್ನಿಸಲಿಲ್ಲವೆಂಬುದು. ವಿಷ ಮೈಯನ್ನೇರುತ್ತಿರುವಾಗ ಅವನು ಕಟ್ಟಕಡೆಗೆ ಆಡಿದ ಮಾತಾದರೋ, ವೈದ್ಯದೇವತೆಯಾದ ಅಸ್ಕ್ಲೀಪಿಯಸನಿಗೆ ಒಂದು ಹುಂಜ ಸಲ್ಲಬೇಕಾಗಿದೆ, ಅದನ್ನು ಮರೆಯದೆ ಸಲ್ಲಿಸಿ ಎಂಬುದು. ಈ ಮಾತಿಗೆ ವ್ಯಾಖ್ಯಾನಗಳು ನೂರಾರು. ದೇವರ ವಿಷಯವಾಗಿ ಕೊನೆಯವರೆಗೂ ಪ್ರಶ್ನೆ ಕೇಳುತ್ತಲೇ ಇದ್ದವನು ಸಾಯುವಾಗ ನೆನೆದುದು ಸಿದ್ಧಾಂತವನ್ನಲ್ಲ, ಸಲ್ಲಿಸಬೇಕಾದ ಋಣವನ್ನು ಎಂಬುದಿಷ್ಟು ನಮ್ಮ ಪ್ರಕೃತಕ್ಕೆ ಸಾಕು. ನಂಬುವುದೂ ಬಿಡುವುದೂ ಒಬ್ಬೊಬ್ಬನ ಬುದ್ಧಿಗೆ ಸೇರಿದ್ದು. ಋಣವು ಒಬ್ಬನಿಂದ ಆಗತಕ್ಕದ್ದಲ್ಲ. ಆದುದರಿಂದಲೇ ಅವನು ಅದನ್ನು ಗೆಳೆಯನಿಗೆ ಒಪ್ಪಿಸಿ ಹೋದನು.

೬

ಇಲ್ಲಿಯವರೆಗಿನ ವಿಚಾರದಿಂದ ಸಿದ್ಧವಾಗುವ ಅಂಶಗಳನ್ನು ಹೇಳಿ ಮುಗಿಸುತ್ತೇನೆ. ಬಹುದೇವತಾರಾಧನೆಯ ಜೀವ ದೇವತೆಗಳ ಹೆಸರುಗಳಲ್ಲಾಗಲಿ ಅವರ ಕಥೆಗಳಲ್ಲಾಗಲಿ ಪ್ರಧಾನವಾಗಿ ನಿಂತಿಲ್ಲ; ಒಂದು ಸ್ಥಳದ ಜನರು ಒಟ್ಟಾಗಿ ಹೊತ್ತ ಋಣದಲ್ಲಿ ನಿಂತಿದೆ. ಹೆಸರುಗಳೂ ಕಥೆಗಳೂ ಗ್ರಂಥದಲ್ಲಿ ಉಳಿಯುತ್ತವೆ, ಅನುವಾದಕ್ಕೂ ಒದಗುತ್ತವೆ. ಋಣವು ಹಾಗೆ ಒದಗುವುದಿಲ್ಲ. ಅದಕ್ಕೆ ಹೊಸ ನೆಲದಲ್ಲಿ ಆಗಲೇ ಹೊತ್ತಿರುವ ಋಣವೊಂದು ಸಿಕ್ಕಬೇಕು. 'ಪಾರಸಿಕರು' ನಾಟಕಕ್ಕೆ ಅದು ಸಿಕ್ಕಿತು, ಅನುವಾದಕರು ಹುಡುಕದಿದ್ದರೂ ಓದುಗರ ಮನೆಯ ಎಡೆಯಲ್ಲಿ ಸಿಕ್ಕಿತು. 'ಅಶ್ವತ್ಥಾಮನ್' ನಾಟಕಕ್ಕೆ ಅದು ಕೈಗೆಟಕುವಷ್ಟು ಹತ್ತಿರದಲ್ಲಿದ್ದೂ ಸಿಕ್ಕಲಿಲ್ಲ. ನಮ್ಮ ತರಗತಿಗಳಲ್ಲಿ ಈ ಎರಡು ನಾಟಕಗಳನ್ನು ಓದಿಸುವಾಗ ಗ್ರೀಕ್ ಪುರಾಣದ ಟಿಪ್ಪಣಿಗಳಿಂದ ಆರಂಭಿಸುವುದಕ್ಕಿಂತ, ಮೊದಲನೆಯದಕ್ಕೆ ಪಿತೃಪಕ್ಷದ ಎಡೆಯಿಂದಲೂ ಎರಡನೆಯದಕ್ಕೆ ಊರಿನ ವೀರಗಲ್ಲಿನಿಂದಲೂ ಆರಂಭಿಸುವುದು ಮೇಲೆಂದು ನನ್ನ ಸೂಚನೆ.

ಇಂದು ಅಥೆನ್ಸಿನ ಮನೆಯೊಂದರಲ್ಲಿ ಹೊಸ ಮಾಸದ ದಿನ ಹೆಸ್ಟಿಯಾಳಿಗೆ ಧಾರೆಯೆರೆಯುವವರನ್ನು ನಾವು ನಗಬೇಕಾಗಿಲ್ಲ. ಅವರು ತಿರುಗಿ ಕಟ್ಟಲು ಹೆಣಗುತ್ತಿರುವುದು ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಉಳಿದಿರುವುದೂ ದಿನೇ ದಿನೇ ಸವೆಯುತ್ತಿದೆ. ವೀರಗಲ್ಲುಗಳು ಎಷ್ಟೋ ಕಡೆ ಚರಂಡಿಗೆ ಹಾಸುಗಲ್ಲಾಗಿವೆ. ಎಡೆಯಿಡುವ ಮನೆಯ ಮಕ್ಕಳಿಗೆ ಅಜ್ಜನಿಗೆ ಏನು ಇಷ್ಟವಾಗಿತ್ತೆಂಬುದು ತಿಳಿಯದು. ಆತಕೂರಿನ ಕಲ್ಲು ಈಗ ಇರುವುದು ಸಂಗ್ರಹಾಲಯದಲ್ಲಿ. ಅದರ ಅಕ್ಷರಗಳಿಗೆ ಅಲ್ಲಿ ರಕ್ಷಣೆ ದೊರೆತಿದೆ, ಓದಲು ಬಲ್ಲವರು ಇಂದಿಗೂ ಓದಬಹುದು. ಆದರೆ ಅದನ್ನು ಪೂಜಿಸದೆ ಉಂಡರೆ ಪಾಪವೆಂದು ಅಂಜುವವರು ಆ ಕಟ್ಟಡದಲ್ಲಿ ಯಾರೂ ಇಲ್ಲ.